ಕೆಳಗಿನ ಪಟ್ಟಿ

ಇಲ್ಲದ ದೇಶಗಳ ನಕ್ಷೆ ಬರೆಯುವುದು ನನ್ನ ಎರಡನೆಯ ಕೆಲಸ. ಮೊದಲನೆಯದು ಸಿಂದಗಿಯ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುವುದು. ರಾಜ, ರಾಣಿ, ಡ್ರ್ಯಾಗನ್ನು, ಮಾಯದ ಕತ್ತಿ ಇರುವ ಕಾದಂಬರಿ ಬರೆಯುವವರು, ಫೋನಿನಲ್ಲಿ ಆಡುವ ಆಟ ಕಟ್ಟುವವರು ತಮ್ಮ ಕಲ್ಪನೆಯ ಲೋಕವನ್ನು ಹೇಗೋ ಗೀಚಿ ನನಗೆ ಕಳಿಸುತ್ತಾರೆ. ಅದಕ್ಕೆ ಗುಡ್ಡ, ನದಿ, ಕಾಡು, ಕರಾವಳಿ ಎಲ್ಲ ಹಾಕಿ, ನೋಡಿದವರು ಇಂಥದೊಂದು ದೇಶ ಎಲ್ಲೋ ಇದ್ದೀತು ಎಂದು ನಂಬುವ ಹಾಗೆ ಮಾಡಿಕೊಡಬೇಕು. ಹನ್ನೊಂದು ವರ್ಷವಾಯಿತು. ಈ ಹನ್ನೊಂದು ವರ್ಷದಲ್ಲಿ ಓದಿದವರು ನೀರಿಗೆ ಮಾಡುವ ಅನ್ಯಾಯವನ್ನು ನೋಡಿ ನೋಡಿ ನನ್ನ ರಕ್ತದೊತ್ತಡ ಏರಿದೆ. ತಮಾಷೆಗೆ ಹೇಳುತ್ತಿಲ್ಲ, ಗುಳಿಗೆ ನುಂಗುತ್ತೇನೆ.

ಒಬ್ಬ ನದಿಯನ್ನು ಈ ಸಮುದ್ರದಿಂದ ಹೊರಡಿಸಿ ಆ ಸಮುದ್ರಕ್ಕೆ ಮುಟ್ಟಿಸುತ್ತಾನೆ. ನಡುವೆ ಬೆಟ್ಟದ ಸಾಲು ಬಂದರೆ ಅದರ ನೆತ್ತಿ ಹತ್ತಿಸಿ ಇಳಿಸುತ್ತಾನೆ. ಇನ್ನೊಬ್ಬ ಬಟ್ಟಬಯಲಿನಲ್ಲಿ ಒಂದು ನದಿಯನ್ನು ಸೀಳಿ ಮೂರು ಮಾಡುತ್ತಾನೆ. ಅಯ್ಯಾ, ನೀರು ಹೋಗುತ್ತ ಹೋಗುತ್ತ ಕೂಡಿಕೊಳ್ಳುತ್ತದೆ, ಬಿಟ್ಟು ಹೋಗುವುದಿದ್ದರೆ ಸಮುದ್ರದ ಬಾಗಿಲಿಗೆ ಹೋದ ಮೇಲೆ. ಕೆರೆಗೆ ಒಳಗೆ ಬರುವ ದಾರಿ ಹತ್ತು ಇರಬಹುದು, ಹೊರಗೆ ಹೋಗುವ ದಾರಿ ಒಂದೇ. ಗುಡ್ಡದ ಒಂದು ಮಗ್ಗುಲಿಗೆ ಮಳೆ ಬಿದ್ದರೆ ಇನ್ನೊಂದು ಮಗ್ಗುಲಿಗೆ ನಮ್ಮ ಕಡೆಯ ಹಾಗೆ ಜಾಲಿ. ಇಷ್ಟು ಹೇಳಿಕೊಟ್ಟರೂ ತಿದ್ದಿ ಕಳಿಸುವಾಗ ಮತ್ತೆ ನದಿಯನ್ನು ಗುಡ್ಡ ಹತ್ತಿಸಿರುತ್ತಾರೆ.

ಎಲ್ಲಕ್ಕಿಂತ ನನ್ನ ಮೈ ಉರಿಸುವುದು ಬೇರೆಯೇ ಇದೆ. ಹತ್ತರಲ್ಲಿ ಎಂಟು ಜನ ನದಿಗಳನ್ನೆಲ್ಲ ಕಾಗದದ ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ ಹರಿಸುತ್ತಾರೆ. ಗೋಡೆಗೆ ತೂಗುಹಾಕಿದ ನಕ್ಷೆಯಿಂದ ನೀರು ಸೋರಿ ನೆಲಕ್ಕೆ ಬೀಳುತ್ತದೆ ಎಂದು ತಿಳಿದಿದ್ದಾರೋ ಏನೋ. ಅವರಿಗೆಲ್ಲ ನಾನು ಬರೆದು ಕಳಿಸುವ ಒಂದು ಸಾಲಿದೆ: ಕಾಗದದ ಮೇಲಿರುವುದು ಉತ್ತರ, ಎತ್ತರ ಅಲ್ಲ. ಈ ಸಾಲಿನ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು.

ನೀರಿನ ವಿದ್ಯೆಯನ್ನು ನಾನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ, ಅಪ್ಪನ ಬಾರುಕೋಲಿನಿಂದ ಕಲಿತದ್ದು. ನಮ್ಮ ತವರು ಆಲಮೇಲದ ಹತ್ತಿರದ ಒಂದು ಹಳ್ಳಿ. ಹೊಲದ ಮಗ್ಗುಲಿಗೆ ಒಂದು ಹಳ್ಳ. ಅದು ದಕ್ಷಿಣದ ಕಲ್ಲುಹರಳಿನ ಗರಸು ದಿಬ್ಬದಿಂದ ಹೊರಟು ಉತ್ತರಕ್ಕೆ ಹರಿದು ಭೀಮೆಯನ್ನು ಸೇರುತ್ತದೆ. ನಾನು ಹತ್ತು ವರ್ಷದವಳಿದ್ದಾಗ ಬಾವಿಯ ನೀರು ಸಾಲಿಗೆ ಬಿಡಲು ಅಪ್ಪ ನನ್ನನ್ನು ನಿಲ್ಲಿಸಿದ್ದ. ನಾನು ಬೇರೆ ಕಡೆ ಒಡ್ಡು ಒಡೆದೆ. ನೀರು ಏರದೆ ನಿಂತು, ತಿರುಗಿ, ಬಿತ್ತಿದ ಶೇಂಗಾವನ್ನೆಲ್ಲ ಕೊಚ್ಚಿಕೊಂಡು ಹೋಯಿತು. ಎತ್ತಿಗೆ ಹೊಡೆಯುವ ಬಾರುಕೋಲು ನನ್ನ ಬೆನ್ನಿಗೆ ಬಂತು, ಎಣಿಸಲಾಗದಷ್ಟು ಸಲ.

"ನೀರಿಗೆ ಕಣ್ಣಿಲ್ಲಂತ ತಿಳದೀಯೇನ? ನಿನಗಿಂತ ಚಂದ ಕಾಣ್ತೈತಿ ಅದಕ್ಕ!"

ಆ ರಾತ್ರಿ ಬೋರಲು ಮಲಗಿದೆ. ಅಪ್ಪನ ಮೇಲೆ ದ್ವೇಷ ಹುಟ್ಟಿತು, ಆದರೆ ಮಾತು ಮರೆಯಲಿಲ್ಲ. ಇಂದಿಗೂ ನಕ್ಷೆಗೆ ಕೂತಾಗ ಮೊದಲು ಎತ್ತರ ತಗ್ಗು ಗುರುತು ಮಾಡಿಕೊಂಡು, ಆಮೇಲೆ ನೀರಿನ ಕಣ್ಣಿನಿಂದ ನೋಡುತ್ತೇನೆ. ನದಿ ಎಂದರೆ ನೀಲಿ ಗೆರೆಯಲ್ಲ, ಅದು ಕೊಲ್ಲುವ ವಸ್ತು. ನಮ್ಮ ಹಳ್ಳ ಒಂದು ಮಳೆಗಾಲದಲ್ಲಿ ಬಂಡಿ ಸಮೇತ ಎರಡು ಎತ್ತುಗಳನ್ನು ಎಳೆದುಕೊಂಡು ಹೋದದ್ದನ್ನು ನಾನು ದಡದಲ್ಲಿ ನಿಂತು ನೋಡಿದ್ದೇನೆ. ಒಂದು ಎತ್ತಿನ ಕೊಂಬು ನೀರಿನ ಮೇಲೆ ಎರಡು ಸಲ ಕಂಡಿತು. ಮೂರನೆಯ ಸಲ ಕಾಣಲಿಲ್ಲ. ನೀರಿಳಿದ ಮೇಲೆ ನೋಡಿದರೆ ಹಳ್ಳ ತಿರುವಿನ ಹೊರದಂಡೆಯನ್ನು ಅಷ್ಟುದ್ದ ಕಡಿದು ತಿಂದು ಒಳದಂಡೆಗೆ ಉಗುಳಿತ್ತು. ನಾನು ಬರೆಯುವ ನದಿಗಳ ತಿರುವು ನಿಜವಾಗಿ ಕಾಣುತ್ತದೆ ಎಂದು ಜನ ಹೊಗಳಿದಾಗಲೆಲ್ಲ ಆ ಕೊಂಬು ನೆನಪಾಗುತ್ತದೆ.

ನಾವು ಮೂವರು ಮಕ್ಕಳು. ಅಣ್ಣ, ನಾನು, ತಮ್ಮ. ಅಪ್ಪ ನನ್ನನ್ನು ಹೊಡೆಯುತ್ತಿದ್ದ, ನಾನು ತಮ್ಮನನ್ನು ಹೊಡೆಯುತ್ತಿದ್ದೆ. ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಲಿಯಿಂದ ನಾನೊಂದು ರಾಜ್ಯ ಬರೆದಿದ್ದೆ, ಪಕ್ಕದಲ್ಲಿ ತಮ್ಮನಿಗೂ ಒಂದು ಬರೆದುಕೊಟ್ಟಿದ್ದೆ. ಎರಡರ ನಡುವೆ ದಿನಾಲು ಯುದ್ಧ, ದಿನಾಲು ನಾನೇ ಗೆಲ್ಲುವುದು. ಒಂದು ದಿನ ಏಳು ವರ್ಷದ ಅವನು ಗೋಡೆಯನ್ನು ನೋಡುತ್ತ ನಿಂತು ಹೇಳಿದ:

"ಅಕ್ಕಾ, ನಿನ್ನ ಹೊಳಿ ಗುಡ್ಡಾ ಏರೇತಿ ನೋಡು."

ಅವನು ಹೇಳಿದ್ದು ಸರಿ ಇತ್ತು. ಸರಿ ಇತ್ತೆಂದೇ ನನಗೆ ತಡೆಯಲಾಗಲಿಲ್ಲ. ಕೈಗೆ ಸಿಕ್ಕ ಹಿತ್ತಾಳೆಯ ತಂಬಿಗೆಯನ್ನು ಬೀಸಿ ಹೊಡೆದೆ. ಹುಬ್ಬು ಹರಿದು ರಕ್ತ ಕಣ್ಣೊಳಗೆ ಇಳಿಯಿತು. ಆಲಮೇಲದಲ್ಲಿ ನಾಲ್ಕು ಹೊಲಿಗೆ ಹಾಕಿದರು. ಅಪ್ಪ ನನ್ನನ್ನು ಕಂಬಕ್ಕೆ ಕಟ್ಟಿ ಬಾರಿಸಿದ. ಮರುದಿನ ನಾನು ಯಾರಿಗೂ ಹೇಳದೆ ಆ ನದಿಯನ್ನು ಅಳಿಸಿ ಸರಿಯಾಗಿ ಬರೆದೆ.

ಈ ಕತೆಯನ್ನು ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ನಗುನಗುತ್ತ ಹೇಳಿದ್ದೇನೆ. ತಮ್ಮ ಸಿಂದಗಿಗೆ ಬಂದಾಗ ಅವನ ಹುಬ್ಬಿನ ಗೆರೆ ತೋರಿಸಿ, "ಇಂವ ನನ್ನ ಮೊದಲನೇ ಪರೀಕ್ಷಕ ನೋಡ್ರಿ" ಎಂದು ಪರಿಚಯ ಮಾಡಿಸುತ್ತಿದ್ದೆ. ಅವನೂ ನಗುತ್ತಿದ್ದ.

ಮದುವೆಯಾದ ಮೇಲೆ ಮುದ್ದೇಬಿಹಾಳದಲ್ಲಿ ಹದಿನಾಲ್ಕು ವರ್ಷ ಇದ್ದೆ. ಅಲ್ಲಿಂದ ಬಸವನ ಬಾಗೇವಾಡಿಗೆ ವರ್ಗವಾಯಿತು. ಬಾಗೇವಾಡಿಯಲ್ಲಿದ್ದಾಗ ಡೋಣಿ ನದಿಯನ್ನು ಹತ್ತಿರದಿಂದ ಕಂಡೆ. ಬೇಸಿಗೆಯಲ್ಲಿ ಉಪ್ಪು ಕಟ್ಟಿದ ಸಣ್ಣ ಕಾಲುವೆ, ಮಳೆ ಬಂದರೆ ಕಪ್ಪುಮಣ್ಣಿನ ಎರಿಭೂಮಿಯ ಮೇಲೆ ಮೈಲಿಗಟ್ಟಲೆ ಮಗುಚಿ ಬೀಳುವ ಕೆಸರು. ಒಂದು ಸಲ ಮನಗೂಳಿಯ ಕಡೆ ಬಸ್ಸಿನಲ್ಲಿ ಹೋಗುವಾಗ ಆ ಕೆಸರಿನಲ್ಲಿ ಕುತ್ತಿಗೆಯವರೆಗೆ ಹೂತು ಸತ್ತ ಎಮ್ಮೆಯೊಂದನ್ನು ನೋಡಿ ಒಂದು ಕಾದಂಬರಿಯ ನಕ್ಷೆಗೆ ಜೌಗುಭೂಮಿ ಬರೆದೆ. ಆ ಲೇಖಕ ಅಲ್ಲಿ ಒಂದು ಸೈನ್ಯವನ್ನೇ ಮುಳುಗಿಸಿದ.

ಮುದ್ದೇಬಿಹಾಳದ ಬಗ್ಗೆ ಒಂದು ಮಾತು ಹೇಳಲೇಬೇಕು, ಇಡೀ ಕತೆ ಅದರ ಮೇಲೆಯೇ ನಿಂತಿದೆ. ನನ್ನ ಗಂಡನ ಮನೆಯ ಹಳ್ಳಗಳೆಲ್ಲ ದಕ್ಷಿಣಕ್ಕೆ, ಕೃಷ್ಣೆಗೆ ಹರಿಯುತ್ತವೆ. ರೈತರು ಮೇಲೆ ಕೆಳಗೆ ಎನ್ನುವುದು ನೀರು ನೋಡಿಕೊಂಡು. ಹಾಗಾಗಿ ಅಲ್ಲಿ ಕೆಳಗಿನ ಹೊಲ ಎಂದರೆ ದಕ್ಷಿಣದ ಹೊಲ. ನಮ್ಮ ತವರಿನಲ್ಲಿ ನೀರು ಉತ್ತರಕ್ಕೆ, ಭೀಮೆಗೆ ಹೋಗುತ್ತದೆ, ಆದ್ದರಿಂದ ಕೆಳಗಿನ ಹೊಲ ಎಂದರೆ ಉತ್ತರದ ಹೊಲ. ಒಂದೇ ಜಿಲ್ಲೆ, ಒಂದೇ ಮಾತು, ದಿಕ್ಕು ಮಾತ್ರ ಪೂರಾ ತಿರುಗಾಮುರುಗಾ. ಹದಿನಾಲ್ಕು ವರ್ಷ ಒಂದು ಕಡೆ ಬಾಳಿದವಳಿಗೆ ಈ ಮಾತು ಬಾಯಲ್ಲಿ ಯಾವಾಗ ತಿರುಗಿತು ಎನ್ನುವುದೇ ತಿಳಿದಿರಲಿಲ್ಲ.

ಸಿಂದಗಿಗೆ ವರ್ಗವಾಗಿ ಬಂದ ವರ್ಷವೇ ಅಪ್ಪ ಹಾಸಿಗೆ ಹಿಡಿದ. ತಾನು ಇರುವಾಗಲೇ ಹೊಲ ಪಾಲಾಗಿ ವಾಟಣಿ ಮುಗಿದುಬಿಡಲಿ ಎಂದು ಊರ ಹಿರಿಯರಿಬ್ಬರನ್ನು ಕರೆಸಿ ಮಾತು ಹೇಳಿದ:

"ಕೆಳಗಿನ ಪಟ್ಟಿ ಸಣ್ಣಾಂವಗ. ಮ್ಯಾಲಿನ ಪಟ್ಟಿ, ಮತ್ತ ಈ ಮನಿ, ದೊಡ್ಡಾಂವಗ."

ಎಲ್ಲರಿಗೂ ತಿಳಿದದ್ದೇ. ಕೆಳಗಿನ ಪಟ್ಟಿ ಎಂದರೆ ಭೀಮೆಯ ಕಡೆಯ ಎರಿಹೊಲ, ಬಾವಿ ಇರುವುದು. ಮೇಲಿನದು ದಿಬ್ಬದ ಕಡೆಯ ಬಡ ಗರಸು. ಗರಸಿನ ಜೊತೆಗೆ ಮನೆ ಬಂದದ್ದರಿಂದ ಅಣ್ಣನೂ ಒಪ್ಪಿದ. ನನಗೆ ಪಾಲು ಬೇಡ ಎಂದು ನಾನು ಮೊದಲೇ ಹೇಳಿದ್ದೆ. ಆಗ ಅಪ್ಪ ನನ್ನ ಕಡೆ ನೋಡಿ ನಕ್ಕ. ಅವನು ನನ್ನನ್ನು ನೋಡಿ ಹಾಗೆ ನಕ್ಕದ್ದು ಅದೇ ಮೊದಲು.

"ಕಾಗದಕ್ಕ ನನ್ನ ಮಗಳ ಕಡಿಂದ ನಕಾಶಿ ತಗಸ್ರಿ. ಇಲ್ಲದ್ದ ದೇಶಾನ ತಗಿತಾಳಂತ, ಇದ್ದ ಹೊಲಾ ತಗಿಯಾಕ ಏನ್ ತ್ರಾಸು?"

ನಾನು ಉಬ್ಬಿಹೋದೆ. ಉತ್ತರವನ್ನು ಮೇಲಿಟ್ಟು, ದಿಕ್ಕಿನ ಬಾಣ ಬರೆದು, ಬಾವಿಗೊಂದು ಸುತ್ತು, ಹುಣಸೆಮರಕ್ಕೊಂದು ಗುರುತು, ಹಳ್ಳದ ಪ್ರತಿ ತಿರುವನ್ನೂ ಹಾಕಿ, ಯಾವ ರಾಜ್ಯಕ್ಕೂ ಬರೆಯದಷ್ಟು ಚೆಂದ ಬರೆದೆ. ಕೊನೆಗೆ ಹೆಸರು ಬರೆಯುವಾಗ ಕಾಗದದ ಮೇಲಿನ ಅರ್ಧಕ್ಕೆ 'ಮೇಲಿನ ಪಟ್ಟಿ' ಎಂದೂ ಕೆಳಗಿನ ಅರ್ಧಕ್ಕೆ 'ಕೆಳಗಿನ ಪಟ್ಟಿ' ಎಂದೂ ಬರೆದೆ. ಅಡಿಯಲ್ಲಿ ಯಾರಿಗೆ ಯಾವುದು ಎಂದು ಅಪ್ಪನ ಮಾತನ್ನೇ ಇಳಿಸಿದೆ. ಎಲ್ಲರೂ ಸಹಿ ಹಾಕಿದರು, ಅಪ್ಪ ಹೆಬ್ಬೆಟ್ಟು ಒತ್ತಿದ. ಉತ್ತರ, ಎತ್ತರ ಅಲ್ಲ ಎಂದು ಊರಿಗೆಲ್ಲ ಪಾಠ ಹೇಳುವವಳು ಉತ್ತರದ ತಗ್ಗಿಗೆ ಮೇಲಿನ ಪಟ್ಟಿ ಎಂದು ಬರೆದಿದ್ದೆ.

ಅಪ್ಪ ಹೋದ. ಕಾಗದ ಸಂದೂಕದೊಳಗೆ ಹೋಯಿತು. ಆರು ವರ್ಷ ಇಬ್ಬರೂ ಅಪ್ಪನ ಮಾತಿನಂತೆ ಉತ್ತು ಬಿತ್ತಿದರು. ತಮ್ಮನು ಎರಿಹೊಲದಲ್ಲಿ ಕಬ್ಬು ಹಚ್ಚಿದ. ಕಬ್ಬು ಆಳೆತ್ತರ ಬೆಳೆದು ನಿಂತಾಗ ದಿಬ್ಬದ ಮೇಲೆ ಸಜ್ಜೆ ಬಿತ್ತುತ್ತಿದ್ದ ಅಣ್ಣನಿಗೆ ಅದು ದಿನಾ ಕಾಣುತ್ತಿತ್ತು. ಮನುಷ್ಯನಿಗೆ ಏನೆನಿಸಬೇಕೋ ಅದು ಅವನಿಗೂ ಅನಿಸಿದ್ದೀತು. ಪಟ್ಟಿಗಳನ್ನು ತಮ್ಮ ತಮ್ಮ ಹೆಸರಿಗೆ ಮಾಡಿಸಿಕೊಳ್ಳೋಣ ಎಂದು ಒಂದು ದಿನ ಅವನು ಕಾಗದ ಹೊರಗೆ ತೆಗೆದು, ಅಳತೆ ಬಲ್ಲ ಪರಿಚಯದವನೊಬ್ಬನಿಗೆ ತೋರಿಸಿದ. ಅವನು ಬಾಣ ನೋಡಿ, ಬರಹ ಓದಿ, ಈ ಕಾಗದದ ಪ್ರಕಾರ ಕಬ್ಬಿರುವ ಪಟ್ಟಿ ನಿನ್ನದು ಎಂದ.

ಅಣ್ಣ ನನಗೆ ಫೋನು ಮಾಡಿದ. ಮಧ್ಯಾಹ್ನ. ನಾನು ಮೈಸೂರು ಕಡೆಯ ಒಬ್ಬ ಲೇಖಕನೊಂದಿಗೆ ಜಗಳಕ್ಕೆ ಬಿದ್ದಿದ್ದೆ. ಅವನ ಲೋಕದ ಆರೂ ನದಿಗಳು ಕಾಗದದ ಮೇಲಿನಿಂದ ಕೆಳಕ್ಕೆ ಬಾಚಣಿಗೆಯ ಹಲ್ಲಿನ ಹಾಗೆ ಇಳಿದಿದ್ದವು. "ನದಿ ಮೇಲಿಂದ ಕೆಳಗೆ ತಾನೇ ಹರಿಯೋದು ಮೇಡಂ?" ಎಂದು ಅವನು ಕೇಳಿದ್ದ. ನಾನು ಹಲ್ಲು ಕಡಿಯುತ್ತ ಅವನ ನಕ್ಷೆಯನ್ನು ಕೆಂಪು ಗೆರೆಯಿಂದ ಹರಿದು ಚಿಂದಿ ಮಾಡುತ್ತಿದ್ದೆ. ಆಗಲೇ ಫೋನು ಬಂದದ್ದು.

"ತಂಗೆವ್ವಾ, ನೀ ತಗದ ನಕಾಶಿ ಬರೋಬರಿ ಐತೇನ?"

"ಯಾಕ? ಏನಾತು?"

"ಮ್ಯಾಲಿನ ಪಟ್ಟಿ ಅಂತ ನೀ ಎಲ್ಲಿ ಬರದೀ, ಅದ ಖರೇ ಏನಂತ ಕೇಳಾಕತ್ತೇನಿ. ಒಂಚೂರು ನೆನಪ ಮಾಡ್ಕೊಂಡು ಹೇಳು."

ಅವನ ದನಿಯಲ್ಲಿ ಅನುಮಾನ ಇತ್ತು. ಈಗ ನೆನೆದರೆ ಅವನು ನನ್ನ ಬಾಯಿಂದ ಇಲ್ಲ ಎನ್ನಿಸಿಕೊಳ್ಳಲಿಕ್ಕೇ ಫೋನು ಮಾಡಿದ್ದ ಅನಿಸುತ್ತದೆ. ನನಗೆ ಕೇಳಿಸಿದ್ದು ಮಾತ್ರ, ನನ್ನ ನಕ್ಷೆಯನ್ನು ಒಬ್ಬ ಪ್ರಶ್ನೆ ಮಾಡುತ್ತಿದ್ದಾನೆ ಎನ್ನುವುದು.

"ಜಗತ್ತಿಗೆಲ್ಲ ನಾ ಹೊಳಿ ಕಲಸಾಕತ್ತೇನಿ. ನೀ ನನಗ ಕಲಸಾಕ ಬರಬ್ಯಾಡ. ನಾ ತಗದ ನಕಾಶಿ ತಪ್ಪಂಗಿಲ್ಲ. ಇಡು ಫೋನು."

ಮೂರು ದಿನಕ್ಕೆ ತಮ್ಮನ ಫೋನು ಬಂತು. "ಅಕ್ಕಾ, ಅಣ್ಣ ಕಬ್ಬಿಗೆ ಕೊಯ್ತಾ ಹಚ್ಚ್ಯಾನ. ಲಗೂ ಬಾ." ಶಾಲೆಗೆ ರಜೆ ಬರೆದು ಆಲಮೇಲದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಣ್ಣನಿಗೆ ಬೈಯುವ ಮಾತುಗಳನ್ನು ಜೋಡಿಸಿಕೊಂಡೆ. ನನ್ನದೇ ತಪ್ಪು ಇದ್ದೀತು ಎನ್ನುವ ಯೋಚನೆ ಹತ್ತಿರಕ್ಕೂ ಸುಳಿಯಲಿಲ್ಲ.

ಹೊಲಕ್ಕೆ ಹೋದಾಗ ಅಣ್ಣ ಕೊಯ್ತಾ, ಕಬ್ಬು ಕಡಿಯುವ ಮಚ್ಚು, ಹಿಡಿದು ಇನ್ನೂ ಬಲಿಯದ ಕಬ್ಬನ್ನು ಕಡಿಯುತ್ತಿದ್ದ. ಕೊಯ್ಲು ಮಾಡುವ ಕಡಿತವಲ್ಲ ಅದು. ಸೊಂಟದ ಎತ್ತರಕ್ಕೆ, ಅಡ್ಡಾದಿಡ್ಡಿ, ಶತ್ರುವನ್ನು ಕಡಿದ ಹಾಗೆ ಕಡಿಯುತ್ತಿದ್ದ. ಎರಡು ಸಾಲು ಆಗಲೇ ನೆಲಕ್ಕೆ ಬಿದ್ದಿತ್ತು. ತಮ್ಮ ಮೂರನೆಯ ಸಾಲಿಗೆ ಅಡ್ಡ ನಿಂತಿದ್ದ. ನನ್ನನ್ನು ಕಂಡದ್ದೇ ಅಣ್ಣ ಅಂಗಿಯ ಕಿಸೆಯಿಂದ ಕಾಗದ ತೆಗೆದು ಎತ್ತಿ ಹಿಡಿದ.

"ಬಂದ್ಲು ನೋಡು ತಗದಾಕಿ. ಕೇಳು ಅಕೀನ್ನ!"

ನಾನು ಹಳ್ಳದ ದಂಡೆಯ ಮೇಲೆ ನಿಂತಿದ್ದೆ. ನನ್ನ ಕಾಲ ಕೆಳಗೆ ನೀರು ಸರಸರನೆ ಉತ್ತರಕ್ಕೆ ಹೋಗುತ್ತಿತ್ತು. ಎದುರಿಗೆ ಕಾಗದದಲ್ಲಿ ನನ್ನದೇ ದುಂಡು ಅಕ್ಷರ. ಅದೇ ಗಳಿಗೆಗೆ ಎಲ್ಲ ತಿಳಿಯಿತು. ನಾ ತಪ್ಪು ಬರದೇನಿ ಎಂದು ಹೇಳಬೇಕಿತ್ತು. ಮೂರು ಶಬ್ದ. ಬಾಯಿಂದ ಹೊರಟದ್ದು ಮೇಡಮ್ಮನ ದನಿ.

"ಮೊದಲ ಕೊಯ್ತಾ ಕೆಳಗಿಡು!"

"ಕೆಳಗ ಅಂದ್ರ ಎಲ್ಲಿ? ಅದನ್ನ ಹೇಳು ಮೊದಲ! ಕೆಳಗ ಅಂದ್ರ ಯಾವ ಕಡೆ?"

ನಾನು ಸುಮ್ಮನೆ ನಿಂತೆ. ಎಷ್ಟು ಹೊತ್ತು? ಒಂದು ಉಸಿರು, ಎರಡು ಉಸಿರು. ಆ ಹೊತ್ತಿನಲ್ಲಿ ತಮ್ಮ ಮುಂದೆ ನುಗ್ಗಿ ಕಾಗದಕ್ಕೆ ಕೈ ಹಾಕಿದ. ಅಣ್ಣ ಬೀಸಿದ. ಕಾಗದ ಹಿಡಿದ ತಮ್ಮನ ಬಲಗೈಯ ಮೇಲೆ ಕೊಯ್ತಾ ಬಿತ್ತು. ಕಬ್ಬು ಕಡಿದಾಗ ಬರುವ ಸಪ್ಪಳವೇ ಬಂತು, ಬೇರೆ ಏನೂ ಅಲ್ಲ. ಮೂರು ಬೆರಳು ಕಬ್ಬಿನ ಒಣಗರಿಯ ರವದಿಯ ಮೇಲೆ ಬಿದ್ದವು. ತಮ್ಮ ಕೂಗಲಿಲ್ಲ. ತನ್ನ ಕೈಯನ್ನು ಬೇರೆಯವರದೇನೋ ಎಂಬಂತೆ ನೋಡುತ್ತ ನಿಂತ. ರಕ್ತ ಮೊದಲು ನಿಧಾನ, ಆಮೇಲೆ ಚಿಮ್ಮಿ ಚಿಮ್ಮಿ ಬಂತು.

ಅಣ್ಣ ಕೊಯ್ತಾ ಬಿಟ್ಟ. ನಾನು ಬಿದ್ದಿದ್ದ ಕಬ್ಬಿನ ಗಳ ಎತ್ತಿಕೊಂಡು ಅವನ ಮೇಲೆ ಬಿದ್ದೆ. ತಲೆ, ಹೆಗಲು, ಕಿವಿ, ಎಲ್ಲೆಂದರಲ್ಲಿ ಹೊಡೆದೆ. ಗಳ ಮುರಿಯಿತು, ಇನ್ನೊಂದು ಎತ್ತಿಕೊಂಡೆ. ಅವನು ಕೈ ಎತ್ತಲಿಲ್ಲ. ನೆಲಕ್ಕೆ ಕೂತು ತಲೆ ತಗ್ಗಿಸಿ ಹೊಡೆಸಿಕೊಂಡ. ಅಪ್ಪನ ಬಾರುಕೋಲು ನನ್ನ ಕೈಯೊಳಗೆ ಬೆಳೆದಿತ್ತು. ತಪ್ಪು ಮಾಡಿದವಳೇ ಹೊಡೆಯುತ್ತಿದ್ದಳು. ಪಕ್ಕದ ಹೊಲದವರು ಓಡಿ ಬಂದು ನನ್ನನ್ನು ಹಿಡಿದು ಎಳೆಯಬೇಕಾಯಿತು.

ಸೀರೆಯ ಸೆರಗು ಹರಿದು ತಮ್ಮನ ಕೈಗೆ ಕಟ್ಟಿ ಸಿಂದಗಿಗೆ, ಅಲ್ಲಿಂದ ವಿಜಯಪುರದ ಆಸ್ಪತ್ರೆಗೆ ಒಯ್ದೆವು. ಬೆರಳುಗಳನ್ನು ಒಬ್ಬರು ಬಟ್ಟೆಯಲ್ಲಿ ಸುತ್ತಿ ತಂದಿದ್ದರು, ಹೊಲಿಯಲು ಬರುವ ಸ್ಥಿತಿಯಲ್ಲಿ ಅವು ಇರಲಿಲ್ಲ. ಹೆಬ್ಬೆರಳು ಮತ್ತು ಕಿರುಬೆರಳು ಉಳಿದವು. ಅಣ್ಣ ತಾನಾಗಿಯೇ ಠಾಣೆಗೆ ಹೋಗಿ ಕೂತ.

ನಾನು ಠಾಣೆಯಲ್ಲಿ ಹೇಳಿಕೆ ಕೊಟ್ಟೆ. ಹೆಸರು ತಿರುಗಾಮುರುಗಾ ಬರೆದದ್ದು ನಾನು, ಫೋನಿನಲ್ಲಿ ಸರಿ ಇದೆ ಎಂದದ್ದು ನಾನು, ಕೇಳಿದಾಗ ಸುಮ್ಮನೆ ನಿಂತದ್ದೂ ನಾನು ಎಂದು ಬರೆಸಿದೆ. ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿ, "ಅಕ್ಕಾರ, ಹೊಡದಾಂವ ನಿಮ್ಮ ಅಣ್ಣ ಹೌದಿಲ್ರಿ?" ಎಂದರು. ಹೌದ್ರಿ ಎಂದೆ. ನನಗೆ ಕಾನೂನಿನ ಯಾವ ಕಲಮೂ ಹಚ್ಚಲು ಬರಲಿಲ್ಲ. ನಕ್ಷೆಯಲ್ಲಿ ಶಬ್ದ ಅದಲುಬದಲು ಬರೆದವರಿಗೆ ಶಿಕ್ಷೆ ಇಲ್ಲವಂತೆ. ಅಣ್ಣ ಜಾಮೀನಿನ ಮೇಲೆ ಹೊರಗೆ ಬಂದ. ಕೇಸು ನಡೆದಿದೆ, ಜೈಲಾಗಬಹುದು ಎಂದು ವಕೀಲರು ಹೇಳುತ್ತಾರೆ. ಅಣ್ಣ ನನ್ನೊಂದಿಗೆ ಮಾತಾಡುವುದಿಲ್ಲ. ಎರಿಹೊಲದ ಕಡೆ ಅವನು ಕಣ್ಣೆತ್ತಿಯೂ ನೋಡುವುದಿಲ್ಲವೆಂದು ಊರವರು ಹೇಳಿದರು.

ಐದು ತಿಂಗಳ ಮೇಲೆ, ಒಂದು ಭಾನುವಾರ ಬೆಳಿಗ್ಗೆ, ತಮ್ಮನನ್ನು ನೋಡಲು ಹೊಲಕ್ಕೆ ಹೋದೆ. ಕಡಿದ ಕಬ್ಬು ಮತ್ತೆ ಚಿಗುರಿತ್ತು. ಅವನು ಹುಣಸೆಮರದ ಕೆಳಗೆ ಕೂತಿದ್ದ. ಚಹಾದ ಲೋಟವನ್ನು ಉಳಿದೆರಡು ಬೆರಳಿನಲ್ಲಿ ಇಕ್ಕಳದಲ್ಲಿ ಹಿಡಿದ ಹಾಗೆ ಹಿಡಿದಿದ್ದ. ಅಣ್ಣನ ಫೋನಿಗೆ ನಾನು ಏನು ಉತ್ತರ ಕೊಟ್ಟಿದ್ದೆ ಎಂಬುದನ್ನು ನಾನೇ ಅವನಿಗೆ ಹೇಳಿರಲಿಲ್ಲ. ಆ ದಿನ ಹೇಳಿದೆ. ಹೇಳುತ್ತ ಅತ್ತೆ.

"ಗೊತ್ತೈತಿ ಬಿಡು ಅಕ್ಕಾ," ಎಂದ. ಆಮೇಲೆ ಹೇಳಿದ: "ಆ ಕಾಗದ ತಪ್ಪೈತಂತ ನನಗ ಸಹಿ ಹಾಕೋ ದಿನಾನ ಕಂಡಿತ್ತು."

ಕಂಡಿತ್ತು? ಆರು ವರ್ಷ? ಒಂದು ಮಾತು ಹೇಳಿದ್ದರೆ ಅಲ್ಲೇ, ಅಪ್ಪನ ಮುಂದೆ, ಎರಡು ಶಬ್ದ ಹೊಡೆದು ಹಾಕಿ ತಿದ್ದುತ್ತಿದ್ದೆ. ಅವನ ಬೆರಳು ಇರುತ್ತಿದ್ದವು. ಅಣ್ಣ ಕೋರ್ಟಿನ ಕಟ್ಟೆಯ ಮೇಲೆ ಕೂರುತ್ತಿರಲಿಲ್ಲ. ಸಿಟ್ಟು ನೆತ್ತಿಗೇರಿತು.

"ಕಂಡಿತ್ತಂದ್ರ ಯಾಕ ಹೇಳಲಿಲ್ಲೊ? ಬಾಯಾಗ ಏನ್ ಇಟ್ಕೊಂಡಿದ್ದಿ?"

ಎದ್ದು ನಿಂತಿದ್ದೆ. ನನ್ನ ಕೈ ಮೇಲೆ ಹೋಗಿತ್ತು, ಅದು ನನಗೆ ಗೊತ್ತೇ ಆಗಿರಲಿಲ್ಲ. ಕೊಯ್ತಾದ ಎದುರು ಅಡ್ಡ ನಿಂತಿದ್ದವನು, ನಲವತ್ತು ದಾಟಿದ ಗಂಡಸು, ಕೂತಲ್ಲೇ ತಲೆ ಹಿಂದಕ್ಕೆ ಸರಿಸಿ, ಹುಬ್ಬಿನ ಮೇಲೆ ಗೆರೆಯಿರುವ ಆ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡ. ಚಹಾ ತುಳುಕಿ ಧೋತರದ ಮೇಲೆ ಬಿತ್ತು.

ಆಮೇಲೆ ಕಣ್ಣು ತೆರೆದು ನನ್ನ ಕೈಯನ್ನು ನೋಡಿದ. ನಗಲಿಲ್ಲ.

"ಇದಕ್ಕ, ಅಕ್ಕಾ," ಎಂದ.

ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.